ಸೋತ ಟೆಸ್ಟಿನ ಸಾಕ್ಷ್ಯ ಅಳಿಸುವುದು ಶಿಸ್ತಲ್ಲ

ಸಾಫ್ಟ್‌ವೇರ್ ಬರೆಯುವವರ ನಡುವೆ ಯಾರೂ ಪ್ರಶ್ನಿಸದ ನಿಯಮವೊಂದಿದೆ. ಟೆಸ್ಟ್ ಓಡಿ ಮುಗಿದ ಮೇಲೆ ಅದು ಸೃಷ್ಟಿಸಿದ ಒಂದು ಫೈಲೂ ಡಿಸ್ಕಿನಲ್ಲಿ ಉಳಿಯಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಮೊದಲ ದಿನಗಳಲ್ಲೇ ಹೇಳಿಕೊಡುತ್ತಾರೆ. ಕೋಡ್ ರಿವ್ಯೂನಲ್ಲಿ 'ಟೆಸ್ಟ್ ಕೊನೆಯಲ್ಲಿ ಡೈರೆಕ್ಟರಿ ಅಳಿಸಿಲ್ಲ' ಎಂಬ ಆಕ್ಷೇಪ ಬಂದರೆ ಬರೆದವರು ಮರುಮಾತಿಲ್ಲದೆ ನಾಲ್ಕು ಸಾಲು ಸೇರಿಸಿ ಕಳಿಸುತ್ತಾರೆ. ಟೆಸ್ಟ್ ಗೆದ್ದರೂ ಅಳಿಸು, ಸೋತರೂ ಅಳಿಸು, ನಡುವೆ ಎಕ್ಸೆಪ್ಶನ್ ಬಂದರೂ ಅಳಿಸು. ಗುರುತು ಉಳಿಸದ ಟೆಸ್ಟೇ ಸಭ್ಯ ಟೆಸ್ಟ್ ಎಂಬುದು ಇಲ್ಲಿಯ ನಂಬಿಕೆ.

ಈ ನಂಬಿಕೆ ತಪ್ಪು. ಇದರಿಂದ ನಿತ್ಯವೂ ನಷ್ಟವಾಗುತ್ತಿದೆ. ತಾತ್ಕಾಲಿಕ ಫೈಲುಗಳ ವಿಷಯದಲ್ಲಿ ಟೆಸ್ಟಿಗೆ ಬೇಕಾದ ಶಿಸ್ತು ಒಂದೇ: ಪ್ರತಿ ಸಲವೂ ಯಾರೂ ಮುಟ್ಟದ ಹೊಸ ಡೈರೆಕ್ಟರಿಯಿಂದ ಶುರು ಮಾಡುವುದು. ಕೊನೆಯಲ್ಲಿ ಅಳಿಸುವುದು ಅನುಕೂಲದ ಮಾತು, ಗೆದ್ದ ಟೆಸ್ಟಿಗೆ ಮಾತ್ರ ಸಲ್ಲುವ ಮಾತು. ಸೋತ ಟೆಸ್ಟಿನ ಡೈರೆಕ್ಟರಿ ಅಳಿಸುವುದೆಂದರೆ, ಅಪಘಾತವಾದ ಜಾಗದಲ್ಲಿ ಮಹಜರು ಬರೆಯುವ ಮೊದಲೇ ರಸ್ತೆ ತೊಳೆದು ಬಿಟ್ಟಂತೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು, ಏಕೆಂದರೆ ತಪ್ಪು ಅಲ್ಲೇ ಹೊಕ್ಕಿದೆ. ಕೆಂಟ್ ಬೆಕ್ ಮೊದಲು ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯುನಿಟ್ ರೂಪಿಸಿದರು. 1997ರಲ್ಲಿ ಎರಿಕ್ ಗಾಮಾ ಜೊತೆ ಸೇರಿ ಜಾವಾಗೆ ಜೆಯುನಿಟ್ ಬರೆದರು. ಪ್ರತಿ ಟೆಸ್ಟಿಗೂ ಮುಂಚೆ ಓಡುವ ಸೆಟಪ್, ಆಮೇಲೆ ಓಡುವ ಟಿಯರ್‌ಡೌನ್ ಎಂಬ ಜೋಡಿ ಅಲ್ಲಿಂದ ಹೆಚ್ಚುಕಡಿಮೆ ಎಲ್ಲ ಭಾಷೆಗಳಿಗೂ ಹರಡಿತು. 2007ರಲ್ಲಿ ಗೆರಾರ್ಡ್ ಮೆಸ್ಜಾರೋಸ್ ತಮ್ಮ 'ಎಕ್ಸ್‌ಯುನಿಟ್ ಟೆಸ್ಟ್ ಪ್ಯಾಟರ್ನ್ಸ್' ಪುಸ್ತಕದಲ್ಲಿ ಟೆಸ್ಟಿಗೆ ನಾಲ್ಕು ಹಂತಗಳನ್ನು ಹೇಳಿ, ಕೊನೆಯದಕ್ಕೆ ಟಿಯರ್‌ಡೌನ್ ಎಂದೇ ಹೆಸರಿಟ್ಟರು. ತೆರೆದ ಡೇಟಾಬೇಸ್ ಸಂಪರ್ಕ, ಸಾಕೆಟ್, ಓಡುತ್ತಿರುವ ಸರ್ವರ್, ಇವನ್ನೆಲ್ಲ ಟೆಸ್ಟ್ ಮುಗಿದಾಗ ಬಿಟ್ಟುಕೊಡಲೇಬೇಕು. ಬಿಡದಿದ್ದರೆ ಮುಂದಿನ ಟೆಸ್ಟಿಗೆ ಪೋರ್ಟ್ ಸಿಗುವುದಿಲ್ಲ. ಅದರಲ್ಲಿ ನನ್ನ ತಕರಾರಿಲ್ಲ.

ಆದರೆ ಡಿಸ್ಕಿನ ಮೇಲಿನ ಫೈಲು ಆ ಜಾತಿಯದಲ್ಲ. ತೆರೆದ ಫೈಲಿನ ಹ್ಯಾಂಡಲ್ ಒಂದು ಸಂಪನ್ಮೂಲ, ಅದನ್ನು ಮುಚ್ಚಬೇಕು. ಫೈಲು ಮಾತ್ರ ಪ್ರೋಗ್ರಾಂ ಮಾಡಿದ ಕೆಲಸದ ಫಲ. ಮುಚ್ಚುವುದು, ಅಳಿಸುವುದು ಎರಡನ್ನೂ ಒಂದೇ ಟಿಯರ್‌ಡೌನ್ ಒಳಗೆ ತುರುಕಿ, ಎರಡಕ್ಕೂ ಒಂದೇ ಪಾವಿತ್ರ್ಯ ಕೊಟ್ಟದ್ದೇ ಮೂಲದ ಎಡವಟ್ಟು.

ಅಳಿಸಬೇಕೆನ್ನುವವರ ಮೊದಲ ವಾದ ಹೀಗಿರುತ್ತದೆ: ಹಳೆಯ ಫೈಲು ಉಳಿದರೆ ಮುಂದಿನ ಟೆಸ್ಟ್ ಅದನ್ನು ಓದಿ ತಪ್ಪು ಫಲಿತಾಂಶ ಕೊಡುತ್ತದೆ. ಹೌದು, ಟೆಂಪ್ ಡೈರೆಕ್ಟರಿಯ ಒಳಗೆ 'ಟೆಸ್ಟ್ ಔಟ್‌ಪುಟ್' ಎಂಬ ನಿಗದಿತ ಹೆಸರಿಟ್ಟು ಎಲ್ಲ ಟೆಸ್ಟುಗಳೂ ಅದಕ್ಕೇ ಬರೆಯುತ್ತಿದ್ದರೆ ಹಾಗೇ ಆಗುತ್ತದೆ. ಅಲ್ಲಿ ತಪ್ಪು ನಿಗದಿತ ಹೆಸರಿನದು, ಅಳಿಸದಿರುವುದರದಲ್ಲ. ಅದೇ ಹೆಸರಿಟ್ಟುಕೊಂಡು ಕೊನೆಯಲ್ಲಿ ಅಳಿಸುತ್ತ ಹೋದರೂ, ಎರಡು ಟೆಸ್ಟುಗಳು ಒಟ್ಟಿಗೆ ಓಡಿದ ದಿನ ಒಂದು ಬರೆಯುತ್ತಿರುವಾಗ ಇನ್ನೊಂದು ಅಳಿಸುತ್ತದೆ. ಒಂದೇ ಬಿಲ್ಡ್ ಸರ್ವರಿನಲ್ಲಿ ಎರಡು ಬ್ರ್ಯಾಂಚುಗಳ ಟೆಸ್ಟು ಓಡಿದರೆ ಸಾಕು, ಅಳಿಸುವ ಕೋಡೇ ತೊಂದರೆ ಕೊಡುತ್ತದೆ. ಪರಿಹಾರ ಯೂನಿಕ್ಸ್‌ನಲ್ಲಿ ಬಹಳ ಕಾಲದಿಂದ ಇದೆ. ಎಂಕೆಡಿಟೆಂಪ್ ಎಂಬ ಕರೆ ಆಗ ಬಳಕೆಯಲ್ಲಿಲ್ಲದ ಹೆಸರು ಹುಡುಕಿ, ಮಾಲೀಕನಿಗೆ ಮಾತ್ರ ಪ್ರವೇಶವಿರುವ 0700 ಅನುಮತಿಯೊಂದಿಗೆ ಡೈರೆಕ್ಟರಿ ಸೃಷ್ಟಿಸಿ ಕೊಡುತ್ತದೆ. ಹೆಸರು ಆರಿಸುವುದೂ ಸೃಷ್ಟಿಸುವುದೂ ಬೇರೆಬೇರೆಯಾಗಿದ್ದರೆ ನಡುವೆ ಬೇರೊಬ್ಬರು ನುಸುಳಬಹುದು. ಆ ಕಾರಣಕ್ಕೇ ಪೈಥಾನ್ ತನ್ನ ಹಳೆಯ ಎಂಕೆಟೆಂಪ್ ಕರೆಯನ್ನು 2.3ನೆಯ ಆವೃತ್ತಿಯಿಂದಲೇ ಬಳಸಬೇಡಿ ಎಂದಿತು. ಟೆಸ್ಟ್ ಪ್ರತಿ ಸಲ ಹೊಸ ಡೈರೆಕ್ಟರಿ ಪಡೆದರೆ ನಿನ್ನೆಯ ಫೈಲು ಇಂದಿನ ಟೆಸ್ಟಿಗೆ ಕಾಣುವುದೇ ಇಲ್ಲ. ಅದು ಡಿಸ್ಕಿನಲ್ಲಿ ಇದ್ದರೇನು, ಇಲ್ಲದಿದ್ದರೇನು?

ಕೊನೆಯಲ್ಲಿ ಅಳಿಸುವುದನ್ನೇ ನೆಚ್ಚಿಕೊಂಡವರು ಗಮನಿಸದ ಸಂಗತಿ ಇನ್ನೊಂದಿದೆ. ಆ ಅಳಿಸುವ ಸಾಲು ಓಡಿಯೇ ತೀರುತ್ತದೆ ಎಂಬ ಖಾತ್ರಿ ಯಾರೂ ಕೊಟ್ಟಿಲ್ಲ. ಪೈಥಾನಿನ ಯುನಿಟ್‌ಟೆಸ್ಟಿನಲ್ಲಿ ಸೆಟಪ್ ನಡುವೆ ಎಡವಿದರೆ ಟಿಯರ್‌ಡೌನ್ ಓಡುವುದೇ ಇಲ್ಲ; ಅರ್ಧ ಕಟ್ಟಿದ ಡೈರೆಕ್ಟರಿ ಹಾಗೇ ಉಳಿಯುತ್ತದೆ. ಮೆಮೊರಿ ಮುಗಿದು ಲಿನಕ್ಸ್ ಕರ್ನಲ್ ಪ್ರೊಸೆಸ್ಸನ್ನು ಕೊಂದರೆ ಅದು ಕಳಿಸುವುದು 9ನೆಯ ಸಿಗ್ನಲ್. ಅದನ್ನು ಹಿಡಿದು ನಿಲ್ಲಿಸಿ ಶುಚಿ ಮಾಡುವ ಅವಕಾಶ ಯಾವ ಪ್ರೋಗ್ರಾಮಿಗೂ ಇಲ್ಲ. ಜಾವಾದ ಡಿಲೀಟ್‌ಆನ್‌ಎಕ್ಸಿಟ್ ವರ್ಚುವಲ್ ಮಷೀನು ಸರಿಯಾಗಿ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಗೋ ಭಾಷೆಯ ಟೆಸ್ಟ್ ಕಮಾಂಡಿಗೆ 10 ನಿಮಿಷದ ಗಡುವು ಮೊದಲೇ ಇದೆ. ಟೆಸ್ಟು ಎಲ್ಲೋ ಸಿಕ್ಕಿಹಾಕಿಕೊಂಡು ಗಡುವು ದಾಟಿದರೆ ಇಡೀ ಪ್ರೊಸೆಸ್ ಪ್ಯಾನಿಕ್ ಆಗಿ ಸಾಯುತ್ತದೆ, ಕ್ಲೀನಪ್‌ಗೆಂದು ನೋಂದಾಯಿಸಿದ್ದ ಯಾವ ಫಂಕ್ಷನ್ನೂ ಓಡುವುದಿಲ್ಲ. ಅಂದರೆ ಎಲ್ಲ ನೆಟ್ಟಗಿದ್ದಾಗ ಅಳಿಸುವಿಕೆ ನಡೆಯುತ್ತದೆ, ಕೆಟ್ಟಾಗ ನಡೆಯುವುದಿಲ್ಲ. ಹಿಂದಿನ ಓಟ ಸರಿಯಾಗಿ ಮುಗಿದಿದ್ದರೆ ಮಾತ್ರ ಮುಂದಿನದು ಸರಿಯಾಗಿ ಓಡುತ್ತದೆ ಎಂಬ ಏರ್ಪಾಟಿಗೆ ಟೆಸ್ಟಿನ ವಿಶ್ವಾಸಾರ್ಹತೆಯನ್ನು ಕಟ್ಟಿಹಾಕುವುದು ದುಡುಕು. ಶುರುವಿನಲ್ಲಿ ಹೊಸ ಜಾಗ ತೆಗೆದುಕೊಂಡವರಿಗೆ ಹಿಂದಿನವರು ಹೇಗೆ ಸತ್ತರು ಎಂಬ ಚಿಂತೆಯೇ ಬೇಡ.

ಇನ್ನು ಸಾಕ್ಷ್ಯದ ಮಾತು. ನನ್ನ ಸಿಟ್ಟಿಗೆ ನಿಜವಾದ ಕಾರಣ ಇದು.

ಟೆಸ್ಟ್ ಸೋತಾಗ ನಮ್ಮ ಕೈಗೆ ಸಿಗುವುದು ಒಂದು ಅಸರ್ಶನ್ ಸಂದೇಶ: ಇದನ್ನು ನಿರೀಕ್ಷಿಸಿದ್ದೆ, ಅದು ಬಂತು. ಪ್ರೋಗ್ರಾಂ ಫೈಲುಗಳೊಂದಿಗೆ ಕೆಲಸ ಮಾಡುವಾಗ ಆ ಸಂದೇಶ ಬಹಳ ಬಡವಾದದ್ದು. ನಮ್ಮ ಲಿಪಿಯದೇ ಉದಾಹರಣೆ ತೆಗೆದುಕೊಳ್ಳೋಣ. ಜಿಲ್ಲಾವಾರು ವರದಿಗಳ ಜಿಪ್ ಬಿಚ್ಚಿ, ಒಳಗೆ 'ಕೋಲಾರ' ಎಂಬ ಹೆಸರಿನ ಫೈಲು ಇದೆಯೇ ಎಂದು ನೋಡುವ ಟೆಸ್ಟೊಂದನ್ನು ಊಹಿಸಿ. ಯೂನಿಕೋಡಿನಲ್ಲಿ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಒಡೆದೂ ಬರೆಯಬಹುದು. ಎರಡೂ ಸಿಂಧು, ಎರಡೂ ಪರದೆಯ ಮೇಲೆ ಒಂದೇ ತರ. ಮ್ಯಾಕ್ ಕಂಪ್ಯೂಟರುಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತಿತ್ತು. ಅಂಥ ಯಂತ್ರದಲ್ಲಿ ಕಟ್ಟಿದ ಜಿಪ್ಪನ್ನು ಲಿನಕ್ಸ್ ಸರ್ವರಿನಲ್ಲಿ ಬಿಚ್ಚಿದರೆ ಬೈಟುಗಳು ಹೊಂದುವುದಿಲ್ಲ, ಟೆಸ್ಟು ಸೋಲುತ್ತದೆ. ಸಂದೇಶ ಏನು ಹೇಳುತ್ತದೆ? ನಿರೀಕ್ಷಿಸಿದ್ದು 'ಕೋಲಾರ', ಬಂದದ್ದು 'ಕೋಲಾರ'. ಇದನ್ನು ಓದಿದ ಎಂಜಿನಿಯರು ಏನು ಮಾಡಬೇಕು? ಡೈರೆಕ್ಟರಿ ಉಳಿದಿದ್ದರೆ ಒಳಹೊಕ್ಕು ಹೆಸರಿನ ಬೈಟುಗಳನ್ನು ಹೆಕ್ಸ್ ರೂಪದಲ್ಲಿ ನೋಡಿದರೆ ಸಾಕು, ಮೂರು ಬೈಟು ಇರಬೇಕಾದ ಕಡೆ ಒಂಬತ್ತು ಬೈಟು ಕಾಣುತ್ತವೆ, ವಿಷಯ ಅಲ್ಲಿಗೆ ತೀರ್ಮಾನ. ಡೈರೆಕ್ಟರಿ ಅಳಿದಿದ್ದರೆ ಟೆಸ್ಟಿಗೆ ಪ್ರಿಂಟ್ ಸಾಲುಗಳನ್ನು ಸೇರಿಸಿ, ಮತ್ತೆ ಕಳಿಸಿ, ಮತ್ತೆ ಕಾದು ಕೂರಬೇಕು. ಕನ್ನಡ ಹೆಸರುಗಳ ಫೈಲು ಸರಿಯಾಗಿ ಓದದ ಸಾಫ್ಟ್‌ವೇರ್ ಇವತ್ತಿಗೂ ನಮ್ಮ ಮಧ್ಯೆ ಎಷ್ಟೋ ಇದೆ. ಅಂಥ ದೋಷ ಕೈಗೆ ಸಿಕ್ಕ ಕ್ಷಣದಲ್ಲೇ ನಾವಾಗಿ ಅದನ್ನು ಜಾರಿಹೋಗಲು ಬಿಡುತ್ತಿದ್ದೇವೆ.

ಮತ್ತೆ ಓಡಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಪ್ರತಿ ಸಲವೂ ಸೋಲುವ ಟೆಸ್ಟಿಗೆ ಆ ಮಾತು ಒಪ್ಪುತ್ತದೆ. ಆದರೆ ತಂಡಗಳ ಪ್ರಾಣ ಹಿಂಡುವುದು ಯಾವಾಗಲೋ ಒಮ್ಮೆ, ರಾತ್ರಿಯ ಬಿಲ್ಡಿನಲ್ಲಿ, ಬೇರೊಂದು ಯಂತ್ರದಲ್ಲಿ ಸೋಲುವ ಟೆಸ್ಟು. ಎರಡು ಥ್ರೆಡ್‌ಗಳು ಒಂದೇ ಫೈಲಿಗೆ ಬರೆದು ಅರ್ಧಕ್ಕೆ ಕತ್ತರಿಸಿದ ಸಾಲು, ಹೊಸ ಹೆಸರಿಗೆ ಬದಲಾಗದೆ ಉಳಿದ ಮಧ್ಯಂತರ ಫೈಲು, ಶೂನ್ಯ ಗಾತ್ರದ ಇಂಡೆಕ್ಸು, ಯಾರೂ ತೆಗೆಯದ ಲಾಕ್ ಫೈಲು, ಇವೆಲ್ಲ ಆ ಒಂದು ಓಟದ ಡೈರೆಕ್ಟರಿಯಲ್ಲಿ ಮಾತ್ರ ಇದ್ದವು. ಮುಂದಿನ ನೂರು ಓಟಗಳು ಗೆಲ್ಲುತ್ತವೆ. ಆಗ ತಂಡ ಆ ಟೆಸ್ಟಿಗೆ 'ಫ್ಲೇಕಿ' ಎಂಬ ಹಣೆಪಟ್ಟಿ ಹಚ್ಚಿ, ಸೋತರೆ ತಾನಾಗಿ ಮೂರು ಸಲ ಓಡಿಸುವ ವ್ಯವಸ್ಥೆ ಮಾಡಿ ಕೈತೊಳೆದುಕೊಳ್ಳುತ್ತದೆ. ಅದೇ ದೋಷ ಗ್ರಾಹಕರ ಡೇಟಾದ ಮೇಲೆ ಕಾಣಿಸಿಕೊಳ್ಳುವವರೆಗೆ ಯಾರೂ ಅದನ್ನು ನೆನೆಯುವುದಿಲ್ಲ. ಟೆಸ್ಟನ್ನು ದೂರುವ ಮೊದಲು, ಅದು ತಂದುಕೊಟ್ಟ ಪುರಾವೆಯನ್ನು ಸುಟ್ಟವರು ಯಾರು ಎಂದು ಕೇಳಿಕೊಳ್ಳಬೇಡವೇ?

ಡಿಸ್ಕಿನ ಮೇಲೆ ಬದುಕುವ ಸಾಫ್ಟ್‌ವೇರನ್ನು ಬರೆಯುವವರು ಏನು ಮಾಡುತ್ತಾರೆ ನೋಡಿ. ಗಿಟ್‌ನ ಟೆಸ್ಟುಗಳು ತಲಾ ಒಂದು 'ಟ್ರ್ಯಾಶ್ ಡೈರೆಕ್ಟರಿ'ಯಲ್ಲಿ ಓಡುತ್ತವೆ. ಶುರುವಾಗುವಾಗ ಹಳೆಯದೇನಾದರೂ ಉಳಿದಿದ್ದರೆ ಅದನ್ನು ಕಿತ್ತು ಹೊಸದು ಕಟ್ಟುತ್ತಾರೆ. ಎಲ್ಲ ಗೆದ್ದರೆ ಮಾತ್ರ ಕೊನೆಯಲ್ಲಿ ತೆಗೆಯುತ್ತಾರೆ, ಸೋತರೆ ಹಾಗೇ ಬಿಡುತ್ತಾರೆ. ಮೊದಲ ಸೋಲಿಗೇ ನಿಲ್ಲು ಎಂಬ ಆಯ್ಕೆ ಕೊಟ್ಟು ಓಡಿಸಿದರೆ, ಕೊನೆಗೆ ಮಾಡಬೇಕೆಂದು ಬರೆದಿಟ್ಟ ಶುಚಿಯ ಕೆಲಸಗಳನ್ನೂ ಟೆಸ್ಟು ಕೈಬಿಡುತ್ತದೆ, ಏನು ಕೆಟ್ಟಿತೆಂದು ನೋಡುವವರಿಗೆ ನೆರವಾಗಲೆಂದು. ಆ ಡೈರೆಕ್ಟರಿಯ ಇಂಗ್ಲಿಷ್ ಹೆಸರಿನ ಎರಡು ಪದಗಳ ನಡುವೆ ಖಾಲಿ ಜಾಗವಿದೆ. 2008ರಲ್ಲಿ ಅದನ್ನು ಬೇಕೆಂದೇ ಸೇರಿಸಿದರು. ಖಾಲಿ ಜಾಗವಿರುವ ಪಾತ್ ಸಿಕ್ಕಾಗ ಮುಗ್ಗರಿಸುವ ಶೆಲ್ ಸ್ಕ್ರಿಪ್ಟುಗಳು ಎಲ್ಲ ಟೆಸ್ಟುಗಳಲ್ಲೂ ತಾವಾಗಿ ಸಿಕ್ಕಿಬೀಳಲಿ ಎಂದು. ತಾತ್ಕಾಲಿಕ ಡೈರೆಕ್ಟರಿಯನ್ನು ಕಸವೆಂದು ಕಾಣದೆ ಉಪಕರಣವೆಂದು ಕಂಡವರ ಕೆಲಸ ಇದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪರ್ಲ್ ಟೆಸ್ಟುಗಳೂ ಹಾಗೆಯೇ: ಟೆಸ್ಟಿಗೆಂದು ಎಬ್ಬಿಸಿದ ಸರ್ವರಿನ ಡೇಟಾ ಡೈರೆಕ್ಟರಿಯನ್ನು ಸೋತಾಗ ಉಳಿಸುತ್ತವೆ, ಗೆದ್ದಾಗಲೂ ಬೇಕೆಂದರೆ ಉಳಿಸಲು ಎನ್‌ವಿರಾನ್‌ಮೆಂಟ್ ವೇರಿಯಬಲ್ ಒಂದಿದೆ. ಇವರನ್ನು ಅಶಿಸ್ತಿನವರು ಎನ್ನುವ ಧೈರ್ಯ ಯಾರಿಗಿದೆ?

ಅಳಿಸುವ ಕೆಲಸವೂ ಹೇಳಿದಷ್ಟು ನಿರುಪದ್ರವಿಯಲ್ಲ. ವಿಂಡೋಸಿನಲ್ಲಿ ಸಾಮಾನ್ಯವಾಗಿ ಯಾರಾದರೂ ತೆರೆದಿಟ್ಟಿರುವ ಫೈಲನ್ನು ಅಳಿಸಲಾಗುವುದಿಲ್ಲ. ಆಂಟಿವೈರಸ್ ಒಂದು ಕ್ಷಣ ಇಣುಕಿದ್ದಕ್ಕೇ ಗೆದ್ದ ಟೆಸ್ಟು ಕೊನೆಯ ಹೆಜ್ಜೆಯಲ್ಲಿ ಸೋತು ಕೂರುತ್ತದೆ. ಈ ಕಾಟಕ್ಕೆ ಪೈಥಾನ್ 3.10ರಲ್ಲಿ ಟೆಂಪರರಿ ಡೈರೆಕ್ಟರಿಗೆ 'ಅಳಿಸುವಾಗಿನ ತಪ್ಪುಗಳನ್ನು ಕಡೆಗಣಿಸು' ಎಂಬ ಆಯ್ಕೆಯನ್ನೇ ಸೇರಿಸಬೇಕಾಯಿತು, 3.12ರಲ್ಲಿ ಅಳಿಸಲೇಬೇಡ ಎನ್ನುವ ಆಯ್ಕೆಯೂ ಬಂತು. ಗೋ ಭಾಷೆಯ ಮಾಡ್ಯೂಲ್ ಕ್ಯಾಶ್ ಓದಲು ಮಾತ್ರ ಅನುಮತಿಯಿರುವ ಡೈರೆಕ್ಟರಿಗಳಿಂದ ತುಂಬಿರುತ್ತದೆ. ಟೆಸ್ಟು ಅದನ್ನು ತನ್ನ ತಾತ್ಕಾಲಿಕ ಡೈರೆಕ್ಟರಿಯೊಳಗೆ ಇಟ್ಟುಕೊಂಡರೆ, ಪರೀಕ್ಷಿಸಬೇಕಾದ್ದೆಲ್ಲ ಸರಿಯಾಗಿದ್ದರೂ ಅಳಿಸಲಾಗಲಿಲ್ಲ ಎಂಬ ಕಾರಣಕ್ಕೆ ಸೋಲು ದಾಖಲಾಗುತ್ತದೆ. ಅಳಿಸುವ ಸಾಲಿನಲ್ಲಿ ತಪ್ಪು ನುಸುಳಿದರಂತೂ ಕೇಳಬೇಡಿ. 2015ರ ಜನವರಿಯಲ್ಲಿ ಲಿನಕ್ಸಿನ ಸ್ಟೀಮ್ ಗೇಮ್ ಸಾಫ್ಟ್‌ವೇರಿನ ಶೆಲ್ ಸ್ಕ್ರಿಪ್ಟು ಸುದ್ದಿಯಾದದ್ದು ಹಾಗೆ: ಡೈರೆಕ್ಟರಿಯ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿ, ಅಳಿಸುವ ಕಮಾಂಡು ಫೈಲ್ ಸಿಸ್ಟಮಿನ ಬೇರಿನಿಂದಲೇ ಶುರು ಮಾಡಿ, ಬಳಕೆದಾರರ ಸ್ವಂತ ಫೈಲುಗಳನ್ನು ನುಂಗಿತು. ಅದು ಟೆಸ್ಟ್ ಅಲ್ಲ ನಿಜ. ಆದರೆ ನಮ್ಮ ಟೆಸ್ಟುಗಳ ಟಿಯರ್‌ಡೌನಿನಲ್ಲಿ ಅದೇ ಮಾದರಿಯ ಸಾಲುಗಳು ಎಷ್ಟಿವೆ ಎಂದು ಹುಡುಕಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಎದುರು ಪಕ್ಷದ ಉಳಿದ ಗಟ್ಟಿಯಾದ ವಾದಗಳಿಗೆ ಉತ್ತರ ಕೊಡದೆ ಹೋಗುವುದು ಸರಿಯಲ್ಲ. ಡಿಸ್ಕು ತುಂಬುತ್ತದೆ ಎಂಬುದು ಮೊದಲನೆಯದು. ಮಿತಿಯಿಲ್ಲದೆ ಉಳಿಸಿದರೆ ತುಂಬುತ್ತದೆ, ಹಾಗಾಗಿ ಮಿತಿಯಿಟ್ಟು ಉಳಿಸಬೇಕು. ಪೈಟೆಸ್ಟ್ ಇದನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದೆ: ಬಳಕೆದಾರರ ಹೆಸರಿನ ಒಂದು ಡೈರೆಕ್ಟರಿ, ಒಳಗೆ ಪ್ರತಿ ಓಟಕ್ಕೂ ಸಂಖ್ಯೆ ಹೊತ್ತ ಒಂದು ಡೈರೆಕ್ಟರಿ, ಕೊನೆಯ ಮೂರು ಓಟಗಳನ್ನು ಉಳಿಸಿ ಅದಕ್ಕಿಂತ ಹಳೆಯದನ್ನು ತೆಗೆಯುವುದು. 2023ರ 7.3 ಆವೃತ್ತಿಯಿಂದ ಎಷ್ಟು ಓಟ ಉಳಿಯಬೇಕು, ಸೋತವು ಮಾತ್ರ ಉಳಿಯಬೇಕೇ ಎಂಬುದನ್ನೂ ಹೇಳಬಹುದು. ಇಷ್ಟಾದರೂ ಮರೆತರೆ ಆಪರೇಟಿಂಗ್ ಸಿಸ್ಟಮ್ ಇದೆ. ಸಿಸ್ಟಮ್‌ಡಿ ಮೂಲ ಸೆಟ್ಟಿಂಗಿನಲ್ಲಿ ಟೆಂಪ್ ಡೈರೆಕ್ಟರಿಯಲ್ಲಿ 10 ದಿನ, ವಾರ್ ಕೆಳಗಿನ ಟೆಂಪ್‌ನಲ್ಲಿ 30 ದಿನ ಮುಟ್ಟದ ಫೈಲುಗಳನ್ನು ತಾನೇ ತೆಗೆಯುತ್ತದೆ. ಟೆಂಪ್ ಡೈರೆಕ್ಟರಿ ಮೆಮೊರಿಯಲ್ಲೇ ಇರುವ ಯಂತ್ರಗಳಲ್ಲಿ ಮಾತ್ರ ಎಚ್ಚರ ಬೇಕು. ಫೆಡೋರಾ ಬಹಳ ಹಿಂದೆಯೇ ಹಾಗೆ ಮಾಡಿತು, ಡೆಬಿಯನ್ 2025ರ 13ನೆಯ ಆವೃತ್ತಿಯಲ್ಲಿ ಮಾಡಿತು. ಅಲ್ಲಿ ದೊಡ್ಡ ಫೈಲುಗಳನ್ನು ಉಳಿಸಿದರೆ ರ‍್ಯಾಮ್ ಸವೆಯುತ್ತದೆ. ಅಂಥ ಕಡೆ ಟೆಸ್ಟುಗಳ ಮೂಲ ಡೈರೆಕ್ಟರಿಯನ್ನು ಬಿಲ್ಡ್ ಡೈರೆಕ್ಟರಿಯ ಒಳಗೇ ಇಡಿ. ಪ್ರತಿ ಬಿಲ್ಡಿಗೂ ಹೊಸ ವರ್ಚುವಲ್ ಮಷೀನು ಪಡೆಯುವ ತಂಡಗಳಲ್ಲಂತೂ ಈ ವಾದಕ್ಕೆ ನೆಲೆಯೇ ಇಲ್ಲ. ಇನ್ನು ಕೆಲವೇ ಕ್ಷಣಗಳಲ್ಲಿ ಇಡೀ ಯಂತ್ರವೇ ಇಲ್ಲವಾಗುತ್ತದೆ. ಅಲ್ಲಿ ಕೂತು ಫೈಲು ಅಳಿಸುವ ಬದಲು, ಸೋತ ಟೆಸ್ಟುಗಳ ಡೈರೆಕ್ಟರಿಯನ್ನು ಕಟ್ಟಿ ಆರ್ಟಿಫ್ಯಾಕ್ಟಾಗಿ ಹೊರಗೆ ಸಾಗಿಸುವುದು ತುರ್ತಿನ ಕೆಲಸ.

ಗುಟ್ಟಿನ ಮಾಹಿತಿ ಉಳಿದುಬಿಡುತ್ತದೆ ಎಂಬ ಭಯಕ್ಕೆ ನನ್ನ ಉತ್ತರ ಚಿಕ್ಕದು. ಟೆಸ್ಟಿನಲ್ಲಿ ನಿಜವಾದ ಜನರ ಮಾಹಿತಿ ಇರಲೇಬಾರದು. ಇದ್ದರೆ ಅದನ್ನು ಕೊನೆಯಲ್ಲಿ ಅಳಿಸಿದ್ದರಿಂದ ತಪ್ಪು ತಿದ್ದಿದಂತಾಗುವುದಿಲ್ಲ.

ಮೂರನೆಯ ವಾದ ಮಾತ್ರ ಗೌರವಕ್ಕೆ ಅರ್ಹವಾದದ್ದು. ಅಳಿಸಲು ಹೋದಾಗ ಸೋತರೆ, ಪ್ರೋಗ್ರಾಂ ಎಲ್ಲೋ ಫೈಲನ್ನು ಮುಚ್ಚದೆ ಬಿಟ್ಟಿದೆ ಎಂದು ಗೊತ್ತಾಗುತ್ತದೆ, ಆದ್ದರಿಂದ ಅಳಿಸುವಿಕೆಯೂ ಒಂದು ಪರೀಕ್ಷೆಯೇ ಎನ್ನುತ್ತಾರೆ. ವಿಂಡೋಸಿನಲ್ಲಿ ಇದು ನಿಜ, ಹಾಗೆ ಸಿಕ್ಕಿಬಿದ್ದ ದೋಷಗಳೂ ಉಂಟು. ಆದರೆ ಲಿನಕ್ಸ್, ಮ್ಯಾಕ್‌ಗಳಲ್ಲಿ ತೆರೆದ ಫೈಲು ಸದ್ದಿಲ್ಲದೆ ಅಳಿದುಹೋಗುತ್ತದೆ; ಹ್ಯಾಂಡಲ್ ಮುಚ್ಚುವವರೆಗೆ ಡಿಸ್ಕಿನ ಜಾಗವೂ ಬಿಡುಗಡೆಯಾಗುವುದಿಲ್ಲ. ಅಲ್ಲಿ ಅಳಿಸುವಿಕೆ ಯಾವ ದೋಷವನ್ನೂ ತೋರಿಸುವುದಿಲ್ಲ. ಮುಚ್ಚುವುದನ್ನು ಪರೀಕ್ಷಿಸಬೇಕೆಂದರೆ ಅದಕ್ಕೇ ಒಂದು ಟೆಸ್ಟ್ ಬರೆಯಿರಿ, ತೆರೆದಿರುವ ಹ್ಯಾಂಡಲ್‌ಗಳನ್ನು ಎಣಿಸಿ, ಎಲ್ಲ ಯಂತ್ರಗಳಲ್ಲೂ ಎಣಿಸಿ. ಒಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಆಕಸ್ಮಿಕವಾಗಿ ಸಿಗುವ ಲಾಭಕ್ಕೆ ಎಲ್ಲ ಕಡೆಯ ಸಾಕ್ಷ್ಯವನ್ನು ಬಲಿ ಕೊಡುವುದು ನ್ಯಾಯವಲ್ಲ.

ಈ ಎಲ್ಲ ಗೋಜೂ ಬೇಡ, ಟೆಸ್ಟು ಡಿಸ್ಕನ್ನೇ ಮುಟ್ಟದಿರಲಿ ಎಂಬ ಪಂಥವೂ ಇದೆ. ಮೈಕೆಲ್ ಫೆದರ್ಸ್ 2005ರಲ್ಲಿ ಬರೆದ ನಿಯಮಗಳಲ್ಲಿ ಫೈಲ್ ಸಿಸ್ಟಮ್ ಮುಟ್ಟಿದರೆ ಅದು ಯುನಿಟ್ ಟೆಸ್ಟ್ ಅಲ್ಲ ಎಂಬುದೂ ಒಂದು. ಅವರ ಉದ್ದೇಶ ವೇಗದ ಟೆಸ್ಟುಗಳನ್ನು ನಿಧಾನದ ಟೆಸ್ಟುಗಳಿಂದ ಬೇರೆ ಇಡುವುದಾಗಿತ್ತು, ಅದು ಸರಿಯೇ. ಆ ಮಾತನ್ನು ಹಿಡಿದು, ಫೈಲು ಬರೆಯುವುದೇ ಕಸುಬಾಗಿರುವ ಕೋಡನ್ನೂ ಮೆಮೊರಿಯ ನಕಲಿ ಫೈಲ್ ಸಿಸ್ಟಮಿನಲ್ಲಿ ಪರೀಕ್ಷಿಸುವವರು ಮೇಲೆ ಹೇಳಿದ 'ಕೋಲಾರ'ದ ದೋಷವನ್ನು ಎಂದೂ ಕಾಣಲಾರರು. ಎರಡು ಡಿಸ್ಕುಗಳ ನಡುವೆ ಫೈಲಿನ ಹೆಸರು ಬದಲಿಸಲು ಹೋದರೆ ನಿಜವಾದ ಯಂತ್ರ ನಿರಾಕರಿಸುತ್ತದೆ, ನಕಲಿ ಯಂತ್ರ ಒಪ್ಪಿಬಿಡಬಹುದು. ಫೈಲ್ ಸಿಸ್ಟಮಿನ ಬಗ್ಗೆ ನಮಗಿರುವ ತಪ್ಪು ಕಲ್ಪನೆಗಳನ್ನೇ ಆ ನಕಲಿಗೂ ಕಲಿಸಿ, ಆಮೇಲೆ ಅದರಿಂದಲೇ ಭೇಷ್ ಅನ್ನಿಸಿಕೊಳ್ಳುವುದರಿಂದ ಯಾರಿಗೆ ಪ್ರಯೋಜನ?

ಟೆಸ್ಟ್ ಲೈಬ್ರರಿಗಳನ್ನು ಬರೆಯುವವರ ಮೇಲೆ ಹೆಚ್ಚಿನ ಹೊಣೆಯಿದೆ, ಏಕೆಂದರೆ ಬಹುಪಾಲು ಜನ ಮೂಲ ಸೆಟ್ಟಿಂಗನ್ನು ಬದಲಿಸುವುದೇ ಇಲ್ಲ. ಗೋ 2020ರ ಆಗಸ್ಟಿನಲ್ಲಿ, 1.15 ಆವೃತ್ತಿಯಲ್ಲಿ, ಟೆಸ್ಟಿಗೆ ತಾತ್ಕಾಲಿಕ ಡೈರೆಕ್ಟರಿ ಕೊಡುವ ಕರೆ ತಂದಿತು. ಒಳ್ಳೆಯ ಹೆಜ್ಜೆ. ಆದರೆ ಅದು ಸೋತರೂ ಗೆದ್ದರೂ ಅಳಿಸುತ್ತದೆ, ಆ ಕರೆಗೆ ಬೇರೆ ಮಾತು ಹೇಳಲು ಜಾಗವೇ ಇಲ್ಲ. ಅದೇ ತಂಡ ತನ್ನ ಬಿಲ್ಡ್ ಕಮಾಂಡಿಗೆ ಕೆಲಸದ ಡೈರೆಕ್ಟರಿಯನ್ನು ಉಳಿಸುವ ಆಯ್ಕೆ ಇಟ್ಟಿದೆ, ತನ್ನದೇ ಟೆಸ್ಟುಗಳಿಗೂ ಅಂಥದೇ ಆಯ್ಕೆ ಇಟ್ಟುಕೊಂಡಿದೆ. ತಮಗೆ ಬೇಕೆನಿಸಿದ್ದು ಬಳಸುವವರಿಗೂ ಬೇಕಾಗುತ್ತದೆ ಎಂದು ಅವರಿಗೆ ಹೊಳೆಯಬೇಕಿತ್ತು. ಜೆಯುನಿಟ್ 2022ರ 5.9 ಆವೃತ್ತಿಯಲ್ಲಿ ಮೂರು ಆಯ್ಕೆ ಕೊಟ್ಟಿತು: ಯಾವಾಗಲೂ ಅಳಿಸು, ಗೆದ್ದರೆ ಮಾತ್ರ ಅಳಿಸು, ಎಂದೂ ಅಳಿಸಬೇಡ. ಮೂಲ ಸೆಟ್ಟಿಂಗು ಮಾತ್ರ ಮೊದಲನೆಯದೇ. ಇಡೀ ಪ್ರಾಜೆಕ್ಟಿಗೆ ಅದನ್ನು ಎರಡನೆಯದಕ್ಕೆ ಬದಲಿಸಲು ಕಾನ್ಫಿಗರೇಶನ್ ಫೈಲಿನಲ್ಲಿ ಒಂದೇ ಒಂದು ಸಾಲು ಬೇಕು. ಪೈಟೆಸ್ಟ್ ಬಳಸುವವರು ಆರ್ಟಿಫ್ಯಾಕ್ಟು ಹೊರಸಾಗಿಸುವ ಹೆಜ್ಜೆಯನ್ನು ಬಿಲ್ಡಿಗೆ ಸೇರಿಸಿದರೆ ಸಾಕು, ಉಳಿದದ್ದು ಆಗಲೇ ಅಲ್ಲಿದೆ. ಗೋ ಬರೆಯುವವರು ಎಂಕೆಡಿರ್‌ಟೆಂಪ್ ಕರೆದು, ಟೆಸ್ಟ್ ಸೋತಿದ್ದರೆ ಡೈರೆಕ್ಟರಿಯ ಪಾತ್ ಅನ್ನು ಲಾಗಿಗೆ ಬರೆದು ಬಿಟ್ಟುಬಿಡುವ, ಗೆದ್ದಿದ್ದರೆ ಅಳಿಸುವ ಸಹಾಯಕ ಫಂಕ್ಷನ್ ಒಂದನ್ನು ತಾವೇ ಬರೆದುಕೊಳ್ಳಬೇಕು. ಹತ್ತು ಹದಿನೈದು ಸಾಲಿನ ಕೆಲಸ. ಲಾಗಿಗೆ ಪಾತ್ ಬರೆಯುವುದನ್ನು ಮಾತ್ರ ಯಾವ ಭಾಷೆಯಲ್ಲೂ ಮರೆಯಬೇಡಿ. ಎಲ್ಲಿದೆಯೆಂದು ಗೊತ್ತಿಲ್ಲದ ಡೈರೆಕ್ಟರಿಯನ್ನು ಯಾರೂ ತೆರೆದು ನೋಡುವುದಿಲ್ಲ.